ಅಕ್ಕಯ್ಯನನ್ನು ಹೂವಿನ ತೋಟಕ್ಕೆ ಕರೆದುಕೊಂಡು ಹೋಗು

ಚಿ. ಸೌ. ಸುಮಾಳಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸಮಾಧಾನವಾಗಿಯೇ ಓದಿದೆ. “ಅಷ್ಟು ಜನರ ಮಧ್ಯೆ ಅಮ್ಮ ಕೈ ಬಿಡಿಸಿಕೊಂಡು ಹೊರಟುಬಿಟ್ಟರೆ ಏನು ಮಾಡಲಿ, ತೋಟಕ್ಕೆ ಹೋಗುವುದೇ ಬೇಡ ಅನ್ನಿಸ್ತಿದೆ” ಅಂತ ಕೊನೆಗೆ ಬರೆದೆಯಲ್ಲ, ಅದನ್ನು ಓದಿದ ಮೇಲೆ ಕೈಗೆ ಕೆಲಸ ಹತ್ತಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ನಿನ್ನ ಹೆದರಿಕೆ ಸುಳ್ಳು ಅಂತ ಹೇಳಲಾರೆ ಪುಟ್ಟಿ. ಜಪಾನಿನ ಭಾಷೆ ಅಕ್ಕಯ್ಯನಿಗೆ ಬರುವುದಿಲ್ಲ. ಈಗೀಗ ನಮ್ಮ ಮಾತಿನಲ್ಲಿ ಕೇಳಿದರೂ ತನ್ನ ಊರು ಯಾವುದೆಂದು ತಡವರಿಸುತ್ತಾಳೆ. ಕೈ ಬಿಟ್ಟು ಹೋಗಿಯೇ ಬಿಟ್ಟಾಳು. ಹೋದರೆ ಅನ್ನುವ ಯೋಚನೆ ನನಗೂ ಬಂತು, ಬಂದದ್ದು ಹೋಗಲೊಲ್ಲದು.

ಆದರೂ ಹೋಗು ಅಂತಲೇ ಬರೆಯಲು ಕೂತಿದ್ದೇನೆ.

ನಮ್ಮ ಕೊಪ್ಪದ ಮನೆಯ ಹಿತ್ತಿಲಲ್ಲಿ, ಬಚ್ಚಲು ನೀರು ಹರಿಯುವ ಕಡೆ ಹೈಡ್ರೇಂಜಿಯಾ ಸಾಲಾಗಿ ಇತ್ತು. ಮಳೆ ಹಿಡಿದರೆ ಒಂದೊಂದು ಗೊಂಚಲೂ ನೆನೆದು ಭಾರವಾಗಿ ನೆಲಕ್ಕೆ ಬಾಗುತ್ತಿತ್ತು. ಎಲ್ಲ ನೀಲಿ. ಹಂಡೆಯ ಒಲೆಯ ಬೂದಿ ಸುರಿಯುತ್ತಿದ್ದ ಜಾಗದ ಒಂದೇ ಗಿಡ ಮಾತ್ರ ಗುಲಾಬಿ. ಅದು ಬೇರೆ ಜಾತಿ ಅಂತ ನಾನು, ಅಲ್ಲ ಬೂದಿಯದೇ ಕೆಲಸ ಅಂತ ಅಕ್ಕಯ್ಯ. ಕೊನೆಗೆ ಅವಳೇ ಇನ್ನೊಂದು ನೀಲಿ ಗಿಡದ ಬುಡಕ್ಕೆ ದಿನಾ ಬೂದಿ ಹಾಕಿ, ಮುಂದಿನ ಮಳೆಗಾಲದಲ್ಲಿ ನನ್ನ ಜಡೆ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ನೀಲಿಯೂ ಅಲ್ಲದ ಗುಲಾಬಿಯೂ ಅಲ್ಲದ ಒಂಥರಾ ನೇರಳೆ ಬಣ್ಣ ಬಂದಿತ್ತು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಕ್ಕಿದರೆ ನೀಲಿ, ಬೂದಿ ಸುಣ್ಣ ಬಿದ್ದಲ್ಲಿ ಅದು ಸಿಕ್ಕದೆ ಗುಲಾಬಿ ಅಂತ ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಅವಳು ಓದದೆಯೇ ಕಂಡುಕೊಂಡಿದ್ದಳು.

ನೀವು ಹೋಗುವ ತೋಟವಿರುವ ರೊಕ್ಕೊ ಬೆಟ್ಟದ ಮಣ್ಣೂ ಹುಳಿಯೇ. ನೀನು ಕಳಿಸಿದ ಫೋಟೊದಲ್ಲಿ ಕೋಬೆ ನಗರಸಭೆಯ ಆ ತೋಟದ ಹೂಗಳಿಗೆ ನಮ್ಮ ಹಿತ್ತಿಲಿನದೇ ನೀಲಿ. ಐವತ್ತು ಸಾವಿರದಷ್ಟು ಗಿಡಗಳು ಅಂದೆಯಲ್ಲ, ಅಷ್ಟನ್ನು ಒಟ್ಟಿಗೆ ನೋಡಿದರೆ ಅವಳಿಗೆ ಏನಾದರೂ ಹೊಳೆದೀತು ಅಂತ ನನಗೊಂದು ಆಸೆ. ಹೊಳೆಯದಿದ್ದರೆ ನೀನು ಬೇಜಾರು ಮಾಡಿಕೊಳ್ಳಬಾರದು. “ಅಮ್ಮಾ ನೆನಪಿದೆಯಾ, ನೆನಪಿದೆಯಾ” ಅಂತ ಕೇಳಿ ಪೀಡಿಸಲೂಬೇಡ.

ಆ ಶಿಚಿದಾಂಕಾ ಅನ್ನುವ ಹೈಡ್ರೇಂಜಿಯಾ ಬಗೆಯ ಹೂವನ್ನೂ ತೋರಿಸು. ಸೀಬೋಲ್ಡ್ ಅನ್ನುವ ಜರ್ಮನ್ ವೈದ್ಯ ತನ್ನ ಪುಸ್ತಕದಲ್ಲಿ ಅದನ್ನು ದಾಖಲಿಸಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ, ಇಲ್ಲವೇ ಇಲ್ಲ ಅಂದುಕೊಂಡದ್ದು 1959ರಲ್ಲಿ ಅದೇ ಬೆಟ್ಟದಲ್ಲಿ ಸಿಕ್ಕಿತು ಅಂತ ಬರೆದಿದ್ದೆಯಲ್ಲ. ಆ ಸಾಲು ಓದಿ ನನಗೆ ಅಳು ಬಂತು.

ನಮ್ಮ ಅಮ್ಮನಿಗೂ ಕೊನೆಗಾಲದಲ್ಲಿ ಹೀಗೇ ಆಗಿತ್ತು, ನೀನಾಗ ಹುಟ್ಟಿರಲಿಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಬಂತೆಂದರೆ ಬೆಳಗ್ಗೆಯೇ ಒಳ್ಳೆ ಸೀರೆ ಉಟ್ಟು ಜಗಲಿಯಲ್ಲಿ ಕೂತುಬಿಡುತ್ತಿದ್ದಳು. ಆ ಜನ, ತುಂಗೆಯ ದಂಡೆ, ಎಲ್ಲಿ ತಪ್ಪಿಸಿಕೊಳ್ಳುತ್ತಾಳೋ ಅಂತ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. “ಗಾಡಿ ಬಂತಾ?” ಅನ್ನುವಳು. “ಬರ್ತದೆ ಅಮ್ಮ” ಅನ್ನುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಸೀರೆ ಯಾಕೆ ಉಟ್ಟದ್ದು ಅನ್ನುವುದೇ ಅವಳಿಗೆ ಮರೆತಿರುತ್ತಿತ್ತು. ಅವಳು ಎಲ್ಲೂ ತಪ್ಪಿಸಿಕೊಳ್ಳಲಿಲ್ಲ, ಮನೆಯಲ್ಲೇ ಇದ್ದು ಮನೆಯಲ್ಲೇ ಹೋದಳು. ಒಂದು ಸಲವಾದರೂ ಆ ತೇರು ತೋರಿಸಬಹುದಿತ್ತು ಅನ್ನುವುದು ಈಗಲೂ ನನ್ನ ಎದೆಯಲ್ಲಿದೆ. ಅಕ್ಕಯ್ಯನ ಎದೆಯಲ್ಲೂ ಇತ್ತು, ಬಾಣಂತನಕ್ಕೆ ಬಂದಾಗ ನನ್ನ ಹತ್ತಿರ ಹೇಳಿದ್ದಳು.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಕೈ ಬಿಡಿಸಿಕೊಂಡರೆ. ನೀನು ಅವಳ ಕೈ ಹಿಡಿಯುವ ಬದಲು ಅವಳೇ ನಿನ್ನ ತೋಳು ಹಿಡಿಯುವ ಹಾಗೆ ಮಾಡಿದರೆ ಹೇಗೆ? ಹಿಡಿದು ನಡೆಸಿದರೆ ಅವಳಿಗೆ ಮೊದಲಿನಿಂದಲೂ ಸಿಟ್ಟು. “ನನಗೆ ಜಾರ್ತದೆ, ನೀನೇ ಹಿಡ್ಕೋ” ಅಂದು ನೋಡು, ಬಿಡಲಾರಳು. ನಿನ್ನ ನಂಬರನ್ನು ಜಪಾನಿಯಲ್ಲಿ ಬರೆದು ಸ್ವೆಟರಿನ ಒಳಗೆ ಹೊಲಿದುಬಿಡು, ಪರ್ಸಿನಲ್ಲಿಟ್ಟರೆ ಎಲ್ಲೋ ಇಟ್ಟು ಮರೆಯುತ್ತಾಳೆ. ಹೊರಡುವ ಮೊದಲು ಅವತ್ತಿನ ಬಟ್ಟೆಯಲ್ಲೇ ಒಂದು ಫೋಟೊ ತೆಗೆದಿಡು. ಕೆಂಪು ಶಾಲು ಹೊದಿಸು, ಆ ನೀಲಿಯಲ್ಲಿ ದೂರಕ್ಕೂ ಕಾಣುತ್ತದೆ. ಶನಿವಾರ ಭಾನುವಾರ ಬೇಡ. ಅಳಿಯಂದಿರಿಗೆ ರಜೆ ಸಿಕ್ಕಿದರೆ ಅವರೂ ಬರಲಿ ಅನ್ನಬೇಕು ಅನ್ನಿಸುತ್ತದೆ, ಆದರೆ ನಿಮ್ಮ ಮನೆಯ ಅನುಕೂಲ ಇಲ್ಲಿ ಕೂತ ನನಗೇನು ಗೊತ್ತು. ಇದೆಲ್ಲ ನಿನಗೆ ಹೊಳೆಯದ್ದೇನಲ್ಲ. ಬರೆಯದಿದ್ದರೆ ನನಗೆ ತಡೆಯಲಿಲ್ಲ.

ತೋಟ ಪೂರ್ತಿ ನೋಡಲೇಬೇಕೆಂದಿಲ್ಲ. ಬಾಗಿಲ ಹತ್ತಿರದ ನಾಲ್ಕು ಗಿಡ ನೋಡಿ “ಮನೆಗೆ ಹೋಗುವಾ” ಅಂದರೆ ತಿರುಗಿ ಬಂದುಬಿಡು. ಇಷ್ಟಾದ ಮೇಲೂ ಒಂದು ಗಳಿಗೆ ಕಣ್ಣುತಪ್ಪಿ ಹೋದಳು ಅಂತಿಟ್ಟುಕೋ, ಮೊದಲು ಅಲ್ಲಿನವರಿಗೆ ಹೇಳು, ಆಮೇಲೆ ಹುಡುಕು. ನನಗೆ ಯಾವ ಹೊತ್ತಾದರೂ ಫೋನ್ ಮಾಡು. ನಿನ್ನನ್ನು ಯಾರೂ ಒಂದು ಮಾತೂ ಅನ್ನದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ

ಮರೆತಿದ್ದೆ. ಅಕ್ಕಯ್ಯನಿಗೆ ಯಾವ ಎಲೆ ಕಂಡರೂ ಕಿವುಚಿ ಮೂಸಿ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ. ಹೈಡ್ರೇಂಜಿಯಾ ಎಲೆ ವಿಷ, ವಾಂತಿ ತಲೆಸುತ್ತು ಬರುತ್ತದೆ. 2008ರಲ್ಲಿ ನಿಮ್ಮ ಜಪಾನಿನಲ್ಲೇ, ಊಟದ ಜೊತೆ ಅಲಂಕಾರಕ್ಕೆ ಇಟ್ಟ ಆ ಎಲೆ ತಿಂದವರು ಕಾಯಿಲೆ ಬಿದ್ದಿದ್ದರು. ಅದರ ಬದಲು ಬಾಯಿಗೆ ಕೊಡಲು ಚೀಲದಲ್ಲಿ ನಾಲ್ಕು ವೀಳ್ಯದೆಲೆಯೋ, ಅದು ಸಿಗದಿದ್ದರೆ ಒಂದಿಷ್ಟು ಏಲಕ್ಕಿಯೋ ಇಟ್ಟುಕೊಂಡಿರು.