ವೆಂಬ್ಲಿಯ ಗಲಾಟೆ: ಮಗಳಿಗೊಂದು ಪತ್ರ

ಉಡುಪಿ

ಪ್ರೀತಿಯ ಪುಟ್ಟಿ,

ಫೋಟೋ ಸಿಕ್ಕಿತು. ಹಿಂದೆ ದೊಡ್ಡ ಕಮಾನು, ಮುಂದೆ ನೀನು, ಕೈಯಲ್ಲಿ ಕಾಫಿ. ‘ಅಮ್ಮಾ, ನಿನ್ನ ವೆಂಬ್ಲಿ!’ ಅಂತ ಬೇರೆ ಬರೆದಿದ್ದೀಯ. ಅದು ನನ್ನ ವೆಂಬ್ಲಿ ಅಲ್ಲ ಮಾರಾಯ್ತಿ. ಅದು ಫುಟ್‌ಬಾಲ್ ಸ್ಟೇಡಿಯಂ. ಹಳೆಯದನ್ನು ಕೆಡವಿ ಕಟ್ಟಿ 2007ರಲ್ಲಿ ತೆರೆದದ್ದು. ನನ್ನದು ಅದರ ಹತ್ತಿರದಲ್ಲೇ ಇದೆ, ಅರೀನಾ ಅಂತ. 1934ರಲ್ಲಿ ಈಜು ಸ್ಪರ್ಧೆಗೆಂದು ಕಟ್ಟಿದ ಕಟ್ಟಡ. ಸ್ವೀಡನ್ನಿನ ಪಾಪ್ ತಂಡ ಅಬ್ಬಾದವರು 1979ರ ನವೆಂಬರ್ 5ರಿಂದ 10ರವರೆಗೆ ಆರು ರಾತ್ರಿ ಹಾಡಿದ್ದು ಅದರೊಳಗೆ. ನೀನು ಕೇಳಿದ ಆಲ್ಬಮ್ ಆ ಹಾಡಿನ ಕಚೇರಿಯದ್ದೇ. ಅದು ಇನ್ನೂ ನಿಂತಿದೆ. ಇನ್ನೊಮ್ಮೆ ಆ ಕಡೆ ಹೋದರೆ ಅದರ ಫೋಟೋ ತೆಗೆದು ಕಳಿಸು. ನೀನು ಅದರಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.

ಆದರೆ ನನಗೆ ಸುಮ್ಮನಿರಲಿಕ್ಕೆ ಬಿಡದ್ದು ಫೋಟೋದ ಕೆಳಗಿನ ಸಾಲು. ‘ಆಲ್ಬಮ್ ಕೇಳಿದೆ. ಜನರ ಗಲಾಟೆ ಜಾಸ್ತಿ. ಸ್ಟುಡಿಯೋದ್ದೇ ನೀಟಾಗಿದೆ, ಅಲ್ವಾ?’ ಅಲ್ಲ. ಇದು ವಾಟ್ಸ್ಯಾಪಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಒಂದು ಚಾ ಮಾಡಿಕೊಂಡು ಕೂತು ಓದು.

ನಾನು ಮಂಗಳೂರಿನಲ್ಲಿ ಕಾಲೇಜಿಗೆ ಸೇರುವಾಗ ಅಬ್ಬಾ ಹಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. 1982ರ ಕೊನೆಗೇ ಅವರು ನಿಲ್ಲಿಸಿದ್ದರು. ಮಂಗಳೂರಿಗೆ ಅದರಿಂದ ಏನೂ ಫರಕು ಬಿದ್ದಿರಲಿಲ್ಲ. ಅಲ್ಲಿಗೆ ಇಂಗ್ಲಿಷ್ ಹಾಡು ಬರುತ್ತಿದ್ದುದು ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ, ಅವರು ತಂದಾಗ ಅದು ಹೊಸದು, ಅಷ್ಟೆ. ಮದುವೆ ರಿಸೆಪ್ಶನ್‌ಗಳಲ್ಲಿ ಬ್ಯಾಂಡಿನವರು ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರದೊಂದು ಹಾಡು, ಒಂದು ಅಬ್ಬಾ ಹಾಡು ಅಂತ ನುಡಿಸುತ್ತಿದ್ದರು. ಅಜ್ಜಿಯಂದಿರೂ ಎದ್ದು ಕುಣಿಯುತ್ತಿದ್ದರು. ನಮ್ಮ ಕಡೆ ಮದುವೆಯಲ್ಲಿ ಊಟ ಮಾಡಿ ಮನೆಗೆ ಬರುವುದಷ್ಟೇ ನೋಡಿದ್ದ ನನಗೆ ಅದೊಂದು ಬೇರೆಯೇ ಲೋಕ.

ನನ್ನ ಕ್ಲಾಸಿನ ಗೆಳತಿಯ ಮನೆ ಮಂಗಳೂರಿನ ವೆಲೆನ್ಸಿಯಾದಲ್ಲಿ. ನಿನಗೆ ಗೊತ್ತು, ಕ್ರಿಸ್‌ಮಸ್‌ಗೆ ಈಗಲೂ ಕುಸ್ವಾರ್ ತಿಂಡಿ ಕಳಿಸುವ ಆಂಟಿ. ಅವಳ ಅಣ್ಣ ಕುವೈಟಿನಲ್ಲಿದ್ದರು. ಅವರು ತಂದ ಕ್ಯಾಸೆಟ್ಟೇ ‘ಅಬ್ಬಾ ಲೈವ್’, 1986ರಲ್ಲಿ ಬಂದ ಆಲ್ಬಮ್. ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಅವರ ಮನೆಯಲ್ಲಿತ್ತು. ನಾವು ನಾಲ್ಕೈದು ಹುಡುಗಿಯರು ಖಾಲಿ ಕ್ಯಾಸೆಟ್ ತಂದು ಸಾಲಾಗಿ ಕಾಪಿ ಮಾಡಿಕೊಂಡೆವು. ಅಬ್ಬಾ ನಿಂತೇ ಹೋಗಿದೆ, ಇನ್ನು ಹೊಸದು ಬರುವುದಿಲ್ಲ ಅಂತ ಗೊತ್ತಾದದ್ದು ಆ ಅಣ್ಣನಿಂದ. ಅದಕ್ಕೇ ಆ ಕ್ಯಾಸೆಟ್ ಮೇಲೆ ನಮಗೆ ಅಷ್ಟು ಆಸೆ.

ಆಸೆಗೆ ತಕ್ಕ ಹಾಗೆ ಅದು ಇರಲಿಲ್ಲ. ಯಾಕೆ ಅಂತ ಆಗ ಹೇಳಲಿಕ್ಕೆ ಬರುತ್ತಿರಲಿಲ್ಲ. ಈಗ ಬರುತ್ತದೆ. ಅದು ಒಂದು ರಾತ್ರಿಯ ಕಚೇರಿಯೇ ಅಲ್ಲ. ಜಾಸ್ತಿ ಹಾಡು 1979ರ ವೆಂಬ್ಲಿಯವು. ಜೊತೆಗೆ 1977ರ ಆಸ್ಟ್ರೇಲಿಯಾದ್ದು ಸ್ವಲ್ಪ, 1981ರ ಟಿವಿ ಕಾರ್ಯಕ್ರಮದ್ದು ಸ್ವಲ್ಪ. ಮೂರು ಊರಿನ ಮೂರು ಕಾಲದ ಹಾಡು ಹೊಲಿದು ಕೂರಿಸಿದ್ದು. ಮೇಲಿಂದ 1986ರ ಕಿವಿಗೆ ಹಿಡಿಸಲಿ ಅಂತ ಮಿಕ್ಸ್ ಮಾಡಿದ್ದರು. ಡ್ರಮ್ಸಿನ ಪೆಟ್ಟು ಡಬ್ಬಿಯೊಳಗೆ ಬಿದ್ದ ಹಾಗೆ ಕೇಳುತ್ತದೆ, ಜನ ಎಲ್ಲೋ ದೂರದಲ್ಲಿದ್ದಾರೆ. ನೀನು ‘ನೀಟು’ ಅನ್ನುತ್ತೀಯಲ್ಲ, ಅದೇ ನೀಟು. ಒಂದು ಹಾಡಿನಿಂದ ಇನ್ನೊಂದಕ್ಕೆ ಹಾಡುವವರಿಗೆ ಸುಸ್ತಾಗುವುದಿಲ್ಲ, ಕೇಳುವವರಿಗೆ ಹುಮ್ಮಸ್ಸು ಏರುವುದಿಲ್ಲ. ಮಿಕ್ಸ್ ಮಾಡಿದವರು ಸಾಮಾನ್ಯರಲ್ಲ, ಅಬ್ಬಾದ ಸದ್ದನ್ನೇ ಕಟ್ಟಿದ ಎಂಜಿನಿಯರ್ ಮೈಕೆಲ್ ಟ್ರೆಟೋವ್. ನಮ್ಮ ಆಂಟಿ ಈಗಲೂ ಅವರ ಪರ. ‘ಅವರು ಇಲ್ಲದಿದ್ದರೆ ಅಬ್ಬಾನೇ ಇಲ್ಲ’ ಅಂತ ಜಗಳಕ್ಕೆ ಬರುತ್ತಾಳೆ. ಸರಿಯೇ. ಆದರೆ ಸ್ಟುಡಿಯೋದವರ ಕೈಗೆ ಕಚೇರಿ ಕೊಟ್ಟರೆ ಹೀಗೆಯೇ ಆಗುವುದು ಅಂತ ನನ್ನ ವಾದ.

ಸ್ಟುಡಿಯೋದಲ್ಲಿ ಅವರು ಏನು ಮಾಡುತ್ತಿದ್ದರು ಗೊತ್ತಾ? ತಂಡದ ಗಾಯಕಿಯರು ಅಗ್ನೆತಾ, ಫ್ರೀಡಾ ಇಬ್ಬರೂ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವುದು. ಅದನ್ನು ಒಂದರ ಮೇಲೊಂದು ಕೂರಿಸುವುದು. ಕೂರಿಸುವಾಗ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸುವುದು. ಆಗ ಅದೇ ಗಂಟಲು ಬೇರೆಯವರದ್ದರ ಹಾಗೆ ಕೇಳಿ, ಇಬ್ಬರು ಹೆಂಗಸರು ಒಂದು ಗುಂಪೇ ಆಗಿಬಿಡುತ್ತಾರೆ. ಚಂದವೇ, ಇಲ್ಲ ಅನ್ನುವುದಿಲ್ಲ. ನಾನೂ ಅಡುಗೆ ಮಾಡುವಾಗ ಅದನ್ನೇ ಹಾಕಿಕೊಳ್ಳುವುದು. ಆದರೆ ಹಾಗೆ ಕಟ್ಟಿದ ಹಾಡನ್ನು ವೇದಿಕೆಯ ಮೇಲೆ ಎರಡೇ ಗಂಟಲಲ್ಲಿ ಹಾಡುವುದು ಹೇಗೆ? ‘ಅಬ್ಬಾ ಬರೀ ಸ್ಟುಡಿಯೋ ತಂಡ, ವೇದಿಕೆಯಲ್ಲಿ ಆಗದು’ ಅಂತ ಆಗ ಹೇಳುವವರಿದ್ದರು. ಈಗಲೂ ಇದ್ದಾರೆ, ನಿನ್ನ ಅಪ್ಪ ಒಬ್ಬರು. ಅದಕ್ಕೆ ಉತ್ತರ ಇರುವುದು ಆ ಆಲ್ಬಮ್ಮಿನಲ್ಲೇ. ನೀನು ಕೇಳಿದ್ದು, 2014ರಲ್ಲಿ ಬಂದ ‘ಲೈವ್ ಅಟ್ ವೆಂಬ್ಲಿ ಅರೀನಾ’. ಇದನ್ನು ಹೊರಗೆ ತಂದವನು ಅಬ್ಬಾದ ಬೆನ್ನಿ ಆಂಡರ್ಸನ್ ಅವರ ಮಗ ಲುಡ್ವಿಗ್. ಅವನು ಆರಿಸಿದ್ದು ಒಂದೇ ರಾತ್ರಿ, ಲಂಡನ್ನಿನ ಕೊನೆಯ ರಾತ್ರಿ, ನವೆಂಬರ್ 10. ಮೊದಲಿಂದ ಕೊನೆವರೆಗೆ ಅದು ನಡೆದ ಹಾಗೆಯೇ.

ಈಗ ಇನ್ನೊಮ್ಮೆ ಕೇಳು, ಹಾಡು ಬಿಟ್ಟು ಬಿಟ್ಟು ಅಲ್ಲ. ಶುರುವಿಗೆ ಸ್ವೀಡನ್ನಿನ ಹಳ್ಳಿಗಾಡಿನ ಒಂದು ಹಳೆಯ ರಾಗ, ನಿಧಾನ. ಅದರ ಬೆನ್ನಿಗೇ ‘ವೂಲೇ ವೂ’. ಆಗ ಜನ ಕೂಗುತ್ತಾರಲ್ಲ, ಅದು ನಿನ್ನ ಗಲಾಟೆ. ಅದು ಇಲ್ಲದಿದ್ದರೆ ಆ ಹಾಡಿಗೆ ಅಷ್ಟು ವೇಗ ಬರುತ್ತಿತ್ತಾ? ಡ್ರಮ್ಸಿನಲ್ಲಿ ಓಲಾ ಬ್ರುಂಕರ್ಟ್, ಬೇಸ್ ಗಿಟಾರಿನಲ್ಲಿ ರುಟ್ಗರ್ ಗುನ್ನರ್ಸನ್. ಇಬ್ಬರೂ ರೆಕಾರ್ಡುಗಳಲ್ಲಿ ನುಡಿಸಿದವರೇ. ಆದರೆ ರೆಕಾರ್ಡಿನಲ್ಲಿ ಅವರು ತಗ್ಗಿ ಬಗ್ಗಿ ಇರುತ್ತಾರೆ, ಇಲ್ಲಿ ಕಟ್ಟು ಬಿಚ್ಚಿದ ಹಾಗೆ. ಹಿಂದೆ ಹಾಡಲಿಕ್ಕೆ ಇನ್ನೂ ಮೂವರು, ಅದರಲ್ಲಿ ಸ್ವೀಡನ್ನಿನ ಗಾಯಕ ಟೋಮಸ್ ಲೆಡಿನ್ ಒಬ್ಬ. ಅವನಿಗೆ ನಡುವೆ ಅವನದೇ ಒಂದು ಹಾಡು ಹಾಡಲಿಕ್ಕೂ ಬಿಟ್ಟಿದ್ದಾರೆ. ಅದನ್ನು ಬೇಕಾದರೆ ದಾಟಿಸು, ನಾನೂ ದಾಟಿಸುತ್ತೇನೆ. ‘ಗಿಮ್ಮಿ ಗಿಮ್ಮಿ’ ಬರುವಾಗ ನೆನಪಿಡು, ಅದು ಹೊರಗೆ ಬಂದು ಆಗ ತಿಂಗಳಷ್ಟೇ ಆಗಿತ್ತು, ಆ ಅಕ್ಟೋಬರಿನ ಹಾಡು. ಇವತ್ತು ಎಲ್ಲರಿಗೂ ಬಾಯಿಪಾಠ ಇರುವ ಹಾಡನ್ನು ಅವತ್ತಿನ ಜನ ಹೊಸದಾಗಿ ಕೇಳುತ್ತಿದ್ದಾರೆ.

ಇನ್ನು ಅಗ್ನೆತಾ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆ ವರ್ಷದ ಜನವರಿಯಲ್ಲೇ ಅವಳೂ ಅವಳ ಗಂಡ, ಅದೇ ತಂಡದ ಬ್ಯೋರ್ನೂ ಬೇರೆಯಾದದ್ದು ಊರಿಗೆಲ್ಲ ಗೊತ್ತಾಗಿತ್ತು. ಇನ್ನೊಂದು ಜೋಡಿ, ಬೆನ್ನಿ ಮತ್ತು ಫ್ರೀಡಾ, ಹಿಂದಿನ ಅಕ್ಟೋಬರಿನಲ್ಲಷ್ಟೇ ಮದುವೆಯಾಗಿದ್ದರು. ಒಂದೇ ವೇದಿಕೆಯಲ್ಲಿ ಇವರೂ ಅವರೂ. ಅಗ್ನೆತಾಗೆ ಆರು ವರ್ಷದ ಮಗಳು, ಎರಡು ತುಂಬದ ಮಗ. ಅವಳಿಗೆ ವಿಮಾನ ಅಂದರೆ ಮೊದಲೇ ಹೆದರಿಕೆ. ಅದೇ ಪ್ರವಾಸದಲ್ಲಿ ಅಮೆರಿಕದಲ್ಲಿ ಅವರ ವಿಮಾನ ಬಿರುಗಾಳಿಗೆ ಬೇರೆ ಸಿಕ್ಕಿತ್ತು. ಇಷ್ಟೆಲ್ಲ ಆದ ಮೇಲೆ ಅವಳು ವೆಂಬ್ಲಿಯಲ್ಲಿ ಪಿಯಾನೋ ಮುಂದೆ ಕೂತು ‘ಐ ಆಮ್ ಸ್ಟಿಲ್ ಅಲೈವ್’ ಹಾಡುತ್ತಾಳೆ. ರಾಗ ಅವಳದೇ. ಮಾತು ಬರೆದದ್ದು ಬ್ಯೋರ್ನ್, ಬೇರೆಯಾದ ಗಂಡ! ಈ ಹಾಡನ್ನು ಅಬ್ಬಾ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಹಾಕಲಿಲ್ಲ. 2014ರವರೆಗೆ ನಮ್ಮಂಥವರಿಗೆ ಅದು ನೆಟ್ಟಗೆ ಕೇಳಲಿಕ್ಕೇ ಸಿಕ್ಕಿರಲಿಲ್ಲ. ಹಾಡು ಬಹಳ ದೊಡ್ಡದೇನೂ ಅಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆಯೇ. ಆದರೆ ಅವಳು ಹಾಡುವಾಗ ಆ ಸಾವಿರಾರು ಜನ ಹೇಗೆ ಸುಮ್ಮನಾಗಿದ್ದಾರೆ ನೋಡು. ಜನರ ಸದ್ದು ಬೇಡ ಅನ್ನುವವಳಿಗೆ ಜನ ಸುಮ್ಮನಾದದ್ದು ಹೇಗೆ ಕೇಳಿಸಬೇಕು?

ಆಂಟಿಗೂ ನನಗೂ ಇಲ್ಲಿ ಜಗಳ ಇಲ್ಲ. ಈ ಹಾಡನ್ನು ನಾವಿಬ್ಬರೂ ಒಟ್ಟಿಗೆ ಮೊದಲ ಸಲ ಕೇಳಿದಾಗ ಅವಳು ಅತ್ತಳು. ನಾನೂ ಅತ್ತೆ, ಆದರೆ ಅದನ್ನು ನಿನ್ನ ಅಪ್ಪನಿಗೆ ಹೇಳಬೇಡ.

ಒಂದು ಹಾಡು ಮಾತ್ರ ಅವರಿಗೇ ವೆಂಬ್ಲಿಯದ್ದೇ ಸಾಕು ಅನಿಸಿತ್ತು. ‘ದ ವೇ ಓಲ್ಡ್ ಫ್ರೆಂಡ್ಸ್ ಡೂ’, ಬೆನ್ನಿ ಅಕಾರ್ಡಿಯನ್ ನುಡಿಸುವ ಹಾಡು. ಅದನ್ನು ಸ್ಟುಡಿಯೋದಲ್ಲಿ ಮತ್ತೆ ಮಾಡದೆ, ವೆಂಬ್ಲಿಯ ರೆಕಾರ್ಡಿಂಗನ್ನೇ 1980ರ ‘ಸೂಪರ್ ಟ್ರೂಪರ್’ ಆಲ್ಬಮ್ಮಿನ ಕೊನೆಗೆ ಹಾಕಿದರು. ಸ್ಟುಡಿಯೋ ಅಂದರೆ ಜೀವ ಬಿಡುತ್ತಿದ್ದವರು! ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

‘ದ ವಿನ್ನರ್ ಟೇಕ್ಸ್ ಇಟ್ ಆಲ್ ಯಾಕಿಲ್ಲ’ ಅಂತ ನೀನು ಕೇಳಿದ್ದಕ್ಕೆ ಸಣ್ಣ ಉತ್ತರ. ಅದು 1980ರ ಹಾಡು. ವೆಂಬ್ಲಿಯಲ್ಲಿ ಹಾಡುವಾಗ ಅದು ಹುಟ್ಟಿರಲಿಲ್ಲ.

ಇದೆಲ್ಲ ನನಗೆ ಅಬ್ಬಾದಿಂದಲೇ ತಿಳಿದದ್ದು ಅಂತ ತಿಳಿಯಬೇಡ. ಕಲಿಸಿದ್ದು ನಿನ್ನ ಅಜ್ಜ. ಅವರಿಗೆ ಯಕ್ಷಗಾನ ಅಂದರೆ ಪದ್ಯ ಹಾಡುವ ಭಾಗವತ ಕಾಳಿಂಗ ನಾವಡರು, ಅಷ್ಟೇ. ಸಾಲಿಗ್ರಾಮ ಮೇಳದ ಆಟ ಇದ್ದಲ್ಲಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ರಂಗಸ್ಥಳದ ಬುಡದಲ್ಲೇ ಕೂರುತ್ತಿದ್ದರು. ಅಂಗಡಿಯಲ್ಲಿ ನಾವಡರ ಕ್ಯಾಸೆಟ್ ಸಿಗುತ್ತಿತ್ತು, ಸ್ಟುಡಿಯೋದಲ್ಲಿ ಮಾಡಿದ್ದು. ಅಜ್ಜ ಅದನ್ನೂ ಕೊಂಡರು. ಆದರೆ ಮತ್ತೆ ಮತ್ತೆ ಹಾಕುತ್ತಿದ್ದುದು ತಾವು ಮಾಡಿದ ರೆಕಾರ್ಡಿಂಗನ್ನೇ. ಅದರಲ್ಲಿ ಚೆಂಡೆ ಎಲ್ಲವನ್ನೂ ನುಂಗುತ್ತದೆ. ಯಾರೋ ಕೆಮ್ಮುತ್ತಾರೆ, ಸೋಡಾ ಬಾಟಲಿ ಒಡೆದ ಸದ್ದು ಬರುತ್ತದೆ. ಆದರೆ ಬೆಳಗಿನ ಜಾವ ನಾವಡರು ಪದ್ಯ ಎತ್ತುವಾಗ ಸಭೆಯಿಂದ ಬರುವ ಆ ‘ಆಹಾ’ ಇದೆಯಲ್ಲ, ಅದು ಯಾವ ಸ್ಟುಡಿಯೋದಲ್ಲಿ ಸಿಗುತ್ತದೆ? ಆ ‘ಆಹಾ’ ಕೇಳಿ ಭಾಗವತರು ಅದೇ ಸಾಲನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಎದುರು ಕೂತವರು ಕೊಟ್ಟರು, ಇವರು ವಾಪಸು ಕೊಟ್ಟರು. ನಾವಡರು 1990ರಲ್ಲಿ ತೀರಿಕೊಂಡರು. ಮೂವತ್ತೆರಡೂ ತುಂಬಿರಲಿಲ್ಲ. ಆಮೇಲೆ ಅಜ್ಜನ ಆ ಕೆಮ್ಮು, ಚೆಂಡೆ ತುಂಬಿದ ಕ್ಯಾಸೆಟ್ ಬೇಕು ಅಂತ ಮನೆಗೆ ಬರುವವರು ಎಷ್ಟು ಜನ! ಅಂಗಡಿಯ ಕ್ಯಾಸೆಟ್ ಯಾರೂ ಕೇಳಲಿಲ್ಲ.

ಆ ಕ್ಯಾಸೆಟ್ಟುಗಳನ್ನು ನಿನ್ನ ದೊಡ್ಡಪ್ಪನ ಮಗ ಈಗ ಕಂಪ್ಯೂಟರಿಗೆ ಹಾಕುತ್ತಿದ್ದಾನೆ. ಕೆಮ್ಮು, ಗಾಳಿ ಎಲ್ಲ ತೆಗೆದು ‘ಕ್ಲೀನ್’ ಮಾಡಿಕೊಡುತ್ತೇನೆ ಅಂದ. ಟೇಪಿನ ಗುಸುಗುಸು ಬೇಕಾದರೆ ತೆಗಿ, ಜನರನ್ನು ಮುಟ್ಟಬೇಡ ಅಂದೆ. ಅವನಿಗೆ ಬೇಜಾರಾಯಿತು. ನೀನು ಒಂದು ಸಲ ಅವನಿಗೆ ಫೋನ್ ಮಾಡು, ನಿನ್ನ ಮಾತಾದರೆ ಕೇಳುತ್ತಾನೆ.

ಈಗ ಟಿಕೆಟಿನ ವಿಷಯ. ಮೇ ತಿಂಗಳಿಗೆ ನಾನು ಬಂದಾಗ ‘ಅಬ್ಬಾ ವಾಯೇಜ್’ಗೆ ಕರೆದುಕೊಂಡು ಹೋಗುತ್ತೇನೆ ಅಂದೆಯಲ್ಲ. 2022ರಿಂದ ಲಂಡನ್ನಿನಲ್ಲಿ ನಡೆಯುತ್ತಿದೆ, ನಾಲ್ವರೂ ವೇದಿಕೆಯಲ್ಲಿಲ್ಲ, ಅವರ ಹರೆಯದ ರೂಪದ ಡಿಜಿಟಲ್ ಬೊಂಬೆಗಳು ಹಾಡುತ್ತವೆ. ಅದಕ್ಕಾಗಿ ಎಪ್ಪತ್ತರ ಆಸುಪಾಸಿನ ಆ ನಾಲ್ವರು ಐದು ವಾರ 160 ಕ್ಯಾಮರಾಗಳ ಎದುರು ಹಾಡಿ ಕುಣಿದರಂತೆ. ‘ಇದೂ ಲೈವೇ’ ಅಂತ ಆಂಟಿ, ‘ಇದು ಸಿನಿಮಾ’ ಅಂತ ನಾನು. ಬೊಂಬೆಗೆ ಜನರ ಚಪ್ಪಾಳೆ ಕೇಳಿಸುತ್ತದಾ? ನೀನು ಎಷ್ಟೇ ಕೂಗು, ಅದು ಹಾಡುವುದು ಹಾಡಿದ ಹಾಗೆಯೇ.

ಆದರೆ ಟಿಕೆಟ್ ರದ್ದು ಮಾಡಬೇಡ. ಅಲ್ಲಿ ಹತ್ತು ಜನರ ಬ್ಯಾಂಡ್ ನಿಜವಾಗಿ ಎದುರಿಗೇ ನುಡಿಸುತ್ತದೆ. ನನಗೆ ಅವರನ್ನು ನೋಡಬೇಕು. ಬ್ಯಾಂಡ್ ಕಾಣುವ ಕಡೆಯ ಸೀಟೇ ತೆಗೆದುಕೋ, ಬೊಂಬೆ ಓರೆಯಾಗಿ ಕಂಡರೂ ಸರಿ. ಆಂಟಿಯೂ ಬರುತ್ತೇನೆ ಅನ್ನುತ್ತಿದ್ದಾಳೆ, ಅವಳಿಗೆ ವೀಸಾ ಸಿಕ್ಕರೆ ಮೂರು ಟಿಕೆಟ್ ಮಾಡು. ನಿನ್ನ ಅಪ್ಪ ಮನೆಯಲ್ಲೇ ಇರುತ್ತಾರಂತೆ.

ನಿನ್ನ,
ಅಮ್ಮ