ಭಾನುವಾರದ ಚರ್ಚೆ: ರೇಂಜ್ ರೋವರ್

ಬಂಧುಗಳೇ, ಭಾನುವಾರ ಬೆಳಿಗ್ಗೆ 7ಕ್ಕೆ ಪುಣೆ ಬಳಿಯ ಸಿಂಹಗಡ ಕೋಟೆಯ ಬುಡದಲ್ಲಿ ಸೇರೋಣ. ಪಿಠಲೆ, ಭಾಕರಿ ತಿನ್ನುವುದು ಆಮೇಲೆ. ಮೊದಲು ರೇಂಜ್ ರೋವರ್ ಕಾರಿನ ಚರ್ಚೆ.

1970ರ ಮೊದಲ ಗಾಡಿಗೆ ಎರಡೇ ಬಾಗಿಲು, ಒಳಗೆ ವಿನೈಲ್ ಸೀಟು. ಕೆಸರಾದರೆ ಪೈಪು ಹಿಡಿದು ತೊಳೆಯಬಹುದಿತ್ತು! ನಾಲ್ಕು ಬಾಗಿಲು ಬಂದದ್ದು 1981ರಲ್ಲಿ. 1994ರ ಎರಡನೇ ಪೀಳಿಗೆಯನ್ನು ಬೇಗ ದಾಟಿಸುತ್ತೇನೆ, ಅಭಿಮಾನಿಗಳು ಮುನಿಯಬಾರದು. ಮೂರನೆಯದರಲ್ಲಿ ಪ್ರತ್ಯೇಕ ಚಾಸಿಯೇ (ದೇಹವನ್ನು ಹೊರುವ ಕೆಳಗಿನ ಚೌಕಟ್ಟು) ಹೋಯಿತು. ನನ್ನ ಪ್ರಕಾರ ನಿಜವಾದ ತಿರುವು ಅದೇ. 2012ರ ನಾಲ್ಕನೆಯದಕ್ಕೆ ಅಲ್ಯೂಮಿನಿಯಂ ದೇಹ, ತೂಕದಲ್ಲಿ 420 ಕಿಲೊವರೆಗೆ ಇಳಿಕೆ. 2021ರಲ್ಲಿ ಬಂದ ಐದನೆಯದನ್ನು 2024ರಿಂದ ನಮ್ಮ ಪುಣೆಯಲ್ಲೇ ಜೋಡಿಸುತ್ತಿದ್ದಾರೆ. ಅದರ ಚರ್ಮದ ಸೀಟಿಗೆ ಪೈಪು ಹಿಡಿಯುವ ಧೈರ್ಯ ಯಾರಿಗಿದೆ?

ಕೋಥರೂಡಿನಿಂದ ಬರುವವರಿಗೆ ನನ್ನ ಹಳೆಯ ಕಾರಿನಲ್ಲಿ ಮೂರು ಜಾಗವಿದೆ. ಶನಿವಾರ ಸಂಜೆಯೊಳಗೆ ಇಲ್ಲಿ ತಿಳಿಸಿ.