ಸೋರುವ ಸೂರು, ಉಳಿದ ದೇವದೂತರು

ಇಪ್ಸ್‌ವಿಚ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪಯ್ಯನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಫೋನಿನಲ್ಲಾದರೆ ನೀವು ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಈ ವಿಷಯ ಅಷ್ಟರಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ. ಪಿ.ಡಬ್ಲ್ಯು.ಡಿ.ಯಲ್ಲಿ ಜೀವಮಾನವಿಡೀ ಸೂರು, ಸೋರಿಕೆ, ಕಂಟ್ರಾಕ್ಟರು ಅಂತ ಒದ್ದಾಡಿದವರು ನೀವು. ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಹೋದ ಭಾನುವಾರ ಬ್ಲೈತ್‌ಬರೋ ಅನ್ನುವ ಹಳ್ಳಿಗೆ ಹೋಗಿದ್ದೆವು. ಇದೇ ಸಫೊಕ್ ಜಿಲ್ಲೆ, ನಮ್ಮಿಂದ ಉತ್ತರಕ್ಕೆ. ಊರು ಅಂದರೆ ಒಂದಷ್ಟು ಮನೆ, ಒಂದು ಪಬ್ಬು, ಮಧ್ಯೆ ಹಾದುಹೋಗುವ ಹೆದ್ದಾರಿ. ಚರ್ಚು ಮಾತ್ರ ದೊಡ್ಡ ಪಟ್ಟಣಕ್ಕೂ ಸಾಲುವಷ್ಟು ಭರ್ಜರಿ. ನದಿಯ ಜೌಗು ನೆಲದಾಚೆ ಮೈಲಿ ದೂರದಿಂದಲೇ ಕಾಣುತ್ತದೆ. ಹೋಲಿ ಟ್ರಿನಿಟಿ ಅಂತ ಹೆಸರು. ಹೆಚ್ಚಿನ ಭಾಗ 15ನೇ ಶತಮಾನದ್ದು, ಬ್ಲೈತ್ ನದಿಯಲ್ಲಿ ಸರಕಿನ ಹಡಗು ಬಂದುಹೋಗುತ್ತಿದ್ದ ಕಾಲದ್ದು. ಆಮೇಲೆ ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡವಾದವು, ವ್ಯಾಪಾರ ಬೇರೆ ಕಡೆ ಹೋಯಿತು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಪಕ್ಕದಲ್ಲಿದ್ದ ಮಠವೂ ಹೋಯಿತು. ಬಡ ಊರಿನ ತಲೆ ಮೇಲೆ ಇಷ್ಟು ದೊಡ್ಡ ಕಟ್ಟಡ ಉಳಿಯಿತು.

ಗೋಡೆ ನೋಡಿದರೆ ನಿಮಗೆ ಖುಷಿಯಾಗುತ್ತಿತ್ತು. ಈ ಕಡೆ ಕಟ್ಟಡಕ್ಕಾಗುವ ಒಳ್ಳೆಯ ಕಲ್ಲು ಸಿಗುವುದಿಲ್ಲ. ಸಿಗುವುದು ಫ್ಲಿಂಟ್, ಒಡೆದರೆ ಗಾಜಿನ ಹಾಗೆ ಹೊಳೆಯುವ ಕಪ್ಪು ಕಲ್ಲಿನ ಗುಂಡುಗಳು. ಅವನ್ನೇ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೂಲೆಗೂ ಕಿಟಕಿಗೂ ಮಾತ್ರ ಹೊರಗಿನಿಂದ ತಂದ ಕಲ್ಲು ಹಾಕಿದ್ದಾರೆ. ಒಳಗೆ ಹೋದರೆ ಬೆಳಕೋ ಬೆಳಕು. ತಲೆಯೆತ್ತಿದರೆ ಮರದ ಚಾವಣಿಯ ನಡುತೊಲೆಯುದ್ದಕ್ಕೂ ರೆಕ್ಕೆ ಬಿಚ್ಚಿದ ದೇವದೂತರು, ಬೆನ್ನಿಗೆ ಬೆನ್ನು ಕೊಟ್ಟು ಜೋಡಿ ಜೋಡಿಯಾಗಿ. ತೊಲೆಗಳ ಮೇಲಿನ ಹೂವಿನ ಚಿತ್ತಾರ ಅರ್ಧಂಬರ್ಧ ಮಾಸಿದೆ. ಆದರೆ ಅದು ಆ ಕಾಲದವರು ಹಚ್ಚಿದ ಬಣ್ಣವೇ. ಬೆಂಚುಗಳ ತುದಿಯಲ್ಲಿ ಕ್ರೈಸ್ತರು ಹೇಳುವ ಏಳು ಮಹಾಪಾಪಗಳ ಕೆತ್ತನೆಯಿದೆ. ಸೋಮಾರಿ ಹಾಸಿಗೆ ಬಿಟ್ಟೇಳುತ್ತಿಲ್ಲ, ಹೊಟ್ಟೆಬಾಕ ಹೊಟ್ಟೆ ಹಿಡಿದುಕೊಂಡು ಕೂತಿದ್ದಾನೆ. ಅಮ್ಮನಿಗೆ ಹೇಳಿ, ಸೋಮಾರಿಯನ್ನು ನೋಡಿ ನನಗೆ ತಮ್ಮನ ನೆನಪಾಯಿತು ಅಂತ.

ಈ ಚರ್ಚು ಅನುಭವಿಸಿದ್ದು ಒಂದೆರಡಲ್ಲ. 1577ರ ಆಗಸ್ಟ್ 4ರಂದು ಜನ ಪ್ರಾರ್ಥನೆಗೆ ಕೂತಿದ್ದಾಗ ಸಿಡಿಲುಮಳೆ ಬಂದು, ಗೋಪುರದ ತುದಿ ಚಾವಣಿಯನ್ನು ಮುರಿದುಕೊಂಡು ಒಳಗೇ ಬಿತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಅವತ್ತು ಬಂದದ್ದು ದೆವ್ವದ ಕರಿನಾಯಿ ಅಂತ ಇವತ್ತಿಗೂ ಕಥೆ ಹೇಳುತ್ತಾರೆ. ಉತ್ತರದ ಬಾಗಿಲ ಮೇಲಿರುವ ಸುಟ್ಟ ಕಲೆಗಳನ್ನು ಅದರ ಉಗುರಿನ ಗುರುತು ಅಂತ ತೋರಿಸುತ್ತಾರೆ. ನನಗೇನೋ ಯಾರೋ ಮೇಣದಬತ್ತಿ ಹಿಡಿದು ಮಾಡಿದ ಹಾಗೆ ಕಂಡಿತು, ಅಲ್ಲಿ ಬಾಯಿ ಬಿಡಲಿಲ್ಲ.

1644ರಲ್ಲಿ ವಿಲಿಯಂ ಡೌಸಿಂಗ್ ಬಂದ. ಪಾರ್ಲಿಮೆಂಟಿನ ಪರವಾಗಿ ಊರೂರು ಸುತ್ತಿ ಚರ್ಚುಗಳ ಮೂರ್ತಿ, ಚಿತ್ರ ಒಡೆಸುತ್ತಿದ್ದ ಮನುಷ್ಯ. ಎಲ್ಲೆಲ್ಲಿ ಏನೇನು ತೆಗೆಸಬೇಕು ಅಂತ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಇಲ್ಲಿ 20 ದೇವದೂತರನ್ನು ಇಳಿಸಬೇಕು ಅಂತ ಬರೆದಿದ್ದಾನೆ. ಚಾವಣಿ ಅಷ್ಟೆತ್ತರ, ಏಣಿ ಹಾಕುವವರು ಯಾರು? ಬಹಳಷ್ಟು ಅಲ್ಲೇ ಉಳಿದವು. ಅವನ ಕಡೆಯವರು ಕೆಳಗಿನಿಂದ ಗುಂಡು ಹಾರಿಸಿದರು ಅಂತ ಜನ ನಂಬಿದ್ದರು. 1970ರ ದಶಕದಲ್ಲಿ ರಿಪೇರಿಗೆ ಕೆಳಗಿಳಿಸಿದಾಗ ಮರದಲ್ಲಿ ಸೀಸದ ಚೂರುಗಳು ಸಿಕ್ಕಿದ್ದು ನಿಜವೇ. ಆದರೆ ಅವು 18ನೇ ಶತಮಾನದವು. ಒಳಗೆ ಗೂಡು ಕಟ್ಟುತ್ತಿದ್ದ ಜಾಕ್‌ಡಾ ಕಾಗೆಗಳನ್ನು ಓಡಿಸಲು ಚರ್ಚಿನವರೇ ದುಡ್ಡು ಕೊಟ್ಟು ಗುಂಡು ಹೊಡೆಸಿದ್ದಂತೆ, ಖರ್ಚಿನ ಲೆಕ್ಕವೂ ಇದೆ. ಲೆಕ್ಕದ ಪುಸ್ತಕ ಜೋಪಾನವಾಗಿಡಿ ಅಂತ ನೀವು ಯಾಕೆ ಬೈಯುತ್ತಿದ್ದಿರಿ ಅಂತ ಈಗ ಗೊತ್ತಾಯಿತು.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಮುಂದಿದೆ. 19ನೇ ಶತಮಾನದ ಹೊತ್ತಿಗೆ ಕಿಟಕಿಗಳಿಗೆ ಇಟ್ಟಿಗೆ ತುಂಬಿ, ಮಳೆ ಬಂದರೆ ಜನ ಒಳಗೂ ಕೊಡೆ ಹಿಡಿದು ಕೂರುತ್ತಿದ್ದರಂತೆ. ಅಪಾಯ ಅಂತ 1881ರಲ್ಲಿ ಬೀಗ ಹಾಕಿದರು. ಆ ಕಾಲದಲ್ಲಿ ಇಂಗ್ಲೆಂಡಿನ ತುಂಬ ಹಳೇ ಚರ್ಚುಗಳ ಜೀರ್ಣೋದ್ಧಾರದ ಭರಾಟೆ. ಗೋಡೆಯ ಗಾರೆ ಕೆರೆದು ತೆಗೆಯುವುದು, ಹಳೇ ನೆಲ ಕಿತ್ತು ಮಿರುಗುವ ಟೈಲ್ಸ್ ಹಾಕುವುದು, ಸವೆದ ಕೆತ್ತನೆ ಬಿಸಾಕಿ ಹೊಸದಾಗಿ ‘ಪುರಾತನ’ ಕೆತ್ತಿಸುವುದು. ಇದಕ್ಕೆ ಎದುರಾಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದರು. ಸೋರುವ ಕಡೆ ಮುಚ್ಚಿ, ವಾಲಿದ ಗೋಡೆಗೆ ಊರೆ ಕೊಡಿ, ದಿನಾ ನಿಗಾ ಇಡಿ, ಉಳಿದದ್ದನ್ನು ಮುಟ್ಟಬೇಡಿ ಎಂಬುದು ಅವರ ವಾದ. ಬ್ಲೈತ್‌ಬರೋ ಮೇಲೂ ಎರಡು ಪಕ್ಷದವರೂ ವರ್ಷಗಟ್ಟಲೆ ಜಗಳವಾಡಿದರು. ಊರಿನವರ ಹತ್ತಿರ ದುಡ್ಡೂ ಇರಲಿಲ್ಲ. 1884ರಲ್ಲಿ ಬಾಗಿಲು ತೆರೆದರೂ ಕೆಲಸ ನಡೆದದ್ದು ಸ್ವಲ್ಪ ಸ್ವಲ್ಪವೇ. ಒಳಗಿನ ಹಳೇ ಇಟ್ಟಿಗೆ ನೆಲ, ತೊಲೆಗಳ ಆ ಮಾಸಿದ ಬಣ್ಣ ಇವತ್ತು ಕಣ್ಣಿಗೆ ಸಿಗುತ್ತಿರುವುದು ಜಗಳ ಮತ್ತು ಬಡತನದ ಪುಣ್ಯದಿಂದ ಅಂತ ನನಗನ್ನಿಸುತ್ತದೆ. ದುಡ್ಡಿದ್ದಿದ್ದರೆ ಎಲ್ಲ ನುಣ್ಣಗಾಗಿರುತ್ತಿತ್ತು.

ಈಗಿನ ಪದ್ಧತಿಯೂ ಚೆನ್ನಾಗಿದೆ. 1955ರ ಕಾಯ್ದೆಯಿಂದ ಶುರುವಾದ ನಿಯಮದಂತೆ ಚರ್ಚ್ ಆಫ್ ಇಂಗ್ಲೆಂಡಿನ ಪ್ರತಿ ಚರ್ಚನ್ನೂ ಐದು ವರ್ಷಕ್ಕೊಮ್ಮೆ ಪರಿಣತರು ನೋಡಿ ವರದಿ ಕೊಡಬೇಕು. ಒಪ್ಪಿಗೆ ಇಲ್ಲದೆ ದೊಡ್ಡ ಬದಲಾವಣೆ ಮಾಡುವಂತಿಲ್ಲ. ರಿಪೇರಿ ಖರ್ಚಿನ ಹೊರೆ ಮಾತ್ರ ಆಯಾ ಊರಿನ ಭಕ್ತರ ಮೇಲೆಯೇ. ಹಳೇ ಗಾರೆಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲೇ ಹಾಳಾಗುತ್ತದೆ ಅಂತ ಈಗ ಮತ್ತೆ ಸುಣ್ಣಕ್ಕೇ ಮರಳಿದ್ದಾರೆ. ನೀವು ಇದನ್ನೇ ಹೇಳಿದಾಗ ನಿಮ್ಮ ಆಫೀಸಿನಲ್ಲಿ ನಕ್ಕಿದ್ದರಲ್ಲ?

ಇಷ್ಟೆಲ್ಲ ಬರೆದದ್ದಕ್ಕೆ ಕಾರಣವಿದೆ. ನಮ್ಮೂರ ಈಶ್ವರ ದೇವಸ್ಥಾನದ ಕಂಬಗಳಿಗೆ ಮರಳು ಹೊಡೆಸಿ ಆಯಿಲ್ ಪೇಂಟ್ ಬಳಿಸುತ್ತಾರೆ, ಒಳಗೆಲ್ಲ ಟೈಲ್ಸ್ ಹಾಕಿಸುತ್ತಾರೆ ಅಂತ ಅಮ್ಮ ಹೇಳಿದಳು. ಸಮಿತಿಯಲ್ಲಿ ನೀವೂ ಇದ್ದೀರಿ. ಮೊದಲು ಹೆಂಚು ಕೈಯಾಡಿಸಿ, ಹಿಂಬದಿಯ ಚರಂಡಿ ಬಿಡಿಸಿ, ಒಂದು ಮಳೆಗಾಲ ಕಳೆಯಲಿ ಅನ್ನಿ. ಹೇಗೂ ಚಂದಾ ಇನ್ನೂ ಪೂರ್ತಿ ಬಂದಿಲ್ಲವಂತೆ, ಒಳ್ಳೆಯದೇ ಆಯಿತು. ಕಂಬಗಳ ಫೋಟೋ ತಮ್ಮನ ಕೈಯಲ್ಲಿ ತೆಗೆಸಿ ಕಳಿಸಿ, ನಾಲ್ಕೂ ಮುಖದ್ದು. ಸಮಿತಿಯವರು ಬೈದರೆ ಲಂಡನ್ ಕಡೆಯ ಮಗಳ ಹುಚ್ಚು ಅಂತ ನನ್ನ ಮೇಲೆ ಹಾಕಿಬಿಡಿ.

ಇತಿ ನಿಮ್ಮ ಮಗಳು